‘ಮೀ’ ಅಂತ ಕರೆದಾಗ

ಮಾರ್ಚ್ 4

ಅಕ್ಕಾ,

ಆಆಆಆಆ!

ಸರಿ, ಮುಗೀತು. ಈಗ ನೆಟ್ಟಗೆ ಬರೀತೀನಿ. ನಿನ್ನ ಕಾಗದ ಮನೆಗೆ ಬಂದಾಗ ನಾನು ಅಂಗಡೀಲಿ ಯಾರದೋ ರಿಟೈರ್‌ಮೆಂಟ್ ಕೇಕಿನ ಮೇಲೆ ‘ಶುಭವಾಗಲಿ’ ಅಂತ ಬರೀತಿದ್ದೆ. ಅಮ್ಮ ಫೋನ್ ಮಾಡಿ ‘ನೀನು ಚಿಕ್ಕಮ್ಮ ಆಗ್ತಿದೀಯ ಕಣೇ’ ಅಂದಳು. ಕ್ರೀಮಿನ ಕೋನು ಕೈಯಲ್ಲೇ ಹಿಂಡಿ ಹೋಗಿ ‘ಶುಭ’ದ ಮೇಲೆ ಒಂದು ಗುಡ್ಡ ಎದ್ದುಬಿಡ್ತು. ಓನರ್ ಬಂದು ‘ಏನಮ್ಮ ಇದು?’ ಅಂದ್ರು. ‘ಹೂವು ಸಾರ್’ ಅಂದೆ. ‘ಹೂಕೋಸಾ?’ ಅಂದ್ರು. ಅನ್ನಲಿ. ಇವತ್ತು ನನಗೆ ಏನೂ ತಾಗಲ್ಲ.

ನಿಮ್ಮ ಅಣೆಕಟ್ಟಿನ ಕ್ವಾರ್ಟರ್ಸಿಗೆ ಇನ್ನೂ ಟವರ್ ಬಂದಿಲ್ವಾ? ಕಾಗದ ಹಾಕಿ ಕೂರೋದು ಅಂದ್ರೆ ಒಂದೇ ಟಿಕ್ ನೋಡ್ಕೊಂಡು ವಾರಗಟ್ಟಲೆ ಕೂತ ಹಾಗೆ. ಓದಿದೆಯೋ, ಓದಿ ಸುಮ್ಮನಿದೀಯೋ, ಟಪಾಲು ವ್ಯಾನಿನವನು ದಾರೀಲಿ ಬೀಳಿಸಿದನೋ, ಏನೂ ಗೊತ್ತಾಗಲ್ಲ. ನಿನ್ನ ನಂಬರ್ ಒನ್ ಫ್ಯಾನಿಗೆ ಇಂಥ ಶಿಕ್ಷೆನಾ?

ವಿಷಯಕ್ಕೆ ಬರ್ತೀನಿ. ಮಗು ಹೆಸರು ನಾನೇ ಹುಡುಕೋದು. ಇದು ಮನವಿ ಅಲ್ಲ, ಪ್ರಕಟಣೆ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಅಂತ ಅಮ್ಮ ಬೈತಿದಾಳೆ. ಬೈಲಿ ಬಿಡು. ಊರಲ್ಲಿರೋ ಮಕ್ಕಳ ಹೆಸರೆಲ್ಲ ದಿನಾ ಕೇಕಿನ ಮೇಲೆ ಬರೆಯೋಳು ನಾನು. ಯಾವುದು ಬರೆಯೋಕೆ ಚಂದ, ಯಾವುದು ಕೂಗೋಕೆ ಚಂದ, ಯಾವುದು ಮೂರನೇ ಹುಟ್ಟುಹಬ್ಬಕ್ಕೇ ಹಳಸಿ ಹೋಗುತ್ತೆ, ಎಲ್ಲಾ ಗೊತ್ತು. ನಮ್ಮ ಗೆಳತಿಯರ ವಾಟ್ಸಾಪ್ ಗ್ರೂಪಲ್ಲಿ ಆಗಲೇ ಒಂದು ಥ್ರೆಡ್ ಶುರು ಮಾಡಿದೀನಿ. ಯಾವ ಅಕ್ಷರದಿಂದ ಶುರುವಾಗಬೇಕು ಅಂತ ನೀನು ಹೇಳಿದ್ರೆ ಸಾಕು.

ನಿನ್ನ
ಗಿಣಿ


ಮಾರ್ಚ್ 19

ಪ್ರೀತಿಯ ಗಿಣಿ,

ನಿನ್ನ ಕಿರುಚಾಟ ಇಲ್ಲಿಗೂ ಕೇಳಿಸ್ತು. ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ. ಈಗ ಹೊಟ್ಟೆ ಹಿಡ್ಕೊಂಡ್ರೆ ಮನೆಯೋರೆಲ್ಲ ಓಡಿ ಬರ್ತಾರೆ, ಹುಷಾರಾಗಿ ನಗಬೇಕು.

ಅಕ್ಷರ ಕೇಳಿದೆಯಲ್ಲ, ನಿನಗೆ ಇಲ್ಲಿನ ಪದ್ಧತಿ ಹೇಳಲೇಬೇಕು. ಇಲ್ಲಿ ಯಾರನ್ನೂ ಪೂರ್ತಿ ಹೆಸರು ಹಿಡಿದು ಕರೆಯಲ್ಲ. ಅಣೆಕಟ್ಟಿನ ಗೇಟು ಎತ್ತಿದಾಗ ನೀರಿನ ಸದ್ದು ಹೇಗಿರುತ್ತೆ ಅಂದ್ರೆ, ಪಕ್ಕದಲ್ಲಿ ನಿಂತೋರ ಬಾಯಿ ಆಡೋದು ಕಾಣುತ್ತೆ, ಮಾತು ಕೇಳ್ಸಲ್ಲ. ಹೆಸರಿನ ಮೊದಲ ಅಕ್ಷರ ಒಂದನ್ನ ಉದ್ದಕ್ಕೆ ಎಳೆದು ಕೂಗಿದ್ರೆ ಮಾತ್ರ ಆ ದಡಕ್ಕೆ ಮುಟ್ಟುತ್ತೆ. ನಿನ್ನ ಭಾವ ‘ರಾ’. ಗೇಟಿನ ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚೋ ಗ್ರೀಸಣ್ಣ ‘ಗೋ’. ನನ್ನ ಅಕ್ಷರ ಅವನ ಹೆಂಡತಿಗೆ ಆಗಲೇ ಇತ್ತು, ಅದಕ್ಕೆ ಮದುವೆಯಾಗಿ ಬಂದ ದಿನಾನೇ ನನಗೆ ‘ತಾ’ ಅಂತ ಇಟ್ರು. ಇಬ್ಬರಿಗೆ ಒಂದೇ ಅಕ್ಷರ ಇರಂಗಿಲ್ಲ. ಯಾರನ್ನ ಕರೆದದ್ದು ಅಂತ ಯೋಚನೆ ಮಾಡೋಷ್ಟರಲ್ಲಿ ನೀರು ಬಂದಿರುತ್ತೆ.

ಇನ್ನೊಂದು ನಿಯಮ ಇದೆ. ನಿನ್ನ ಅಕ್ಷರ ಕೇಳಿಸಿದ ತಕ್ಷಣ ‘ಬಂದೆ’ ಅನ್ನಬೇಕು, ಕರೆದೋರ ಕಡೆ ಓಡಬೇಕು. ಯಾಕೆ ಅಂತ ಕೇಳಂಗಿಲ್ಲ. ಕಾಲು ಮೊದಲು, ಪ್ರಶ್ನೆ ಆಮೇಲೆ. ಇಲ್ಲಿನ ಮಕ್ಕಳಿಗೆ ಅಂಬೆಗಾಲಿಡೋವಾಗಿಂದಾನೇ ಅಭ್ಯಾಸ ಮಾಡಿಸ್ತಾರೆ. ಕರೆಯೋದು, ಬಂದ್ರೆ ಬಾಯಿಗೊಂದು ಚಿಟಿಕೆ ಸಕ್ಕರೆ. ಅದೆಲ್ಲ ಅತ್ತೆ ಕೆಲಸ. ಅಕ್ಷರ ಹಂಚೋದೂ ಅವರೇ. ಅವರಿಗೆ ಮಾತ್ರ ಅಕ್ಷರ ಇಲ್ಲ. ‘ನಾನು ಕರೆಯೋಳು, ಕರೆಸಿಕೊಳ್ಳೋಳಲ್ಲ’ ಅಂತಾರೆ. ತೀರಿಕೊಂಡ ಮಾವನ ಹಳೇ ರೇನ್‌ಕೋಟು ಹಾಕ್ಕೊಂಡು ಬಿಸಿಲಲ್ಲೂ ಓಡಾಡ್ತಾರೆ. ಮೊದಮೊದಲು ನನಗೂ ಭಯ ಆಗ್ತಿತ್ತು, ಈಗ ಅಭ್ಯಾಸ ಆಗಿದೆ.

ಹೆಣ್ಣೇ ಅಂತ ಅತ್ತೆಗೆ ಖಾತ್ರಿ. ಅಕ್ಷರಾನೂ ಹೇಳಿಬಿಟ್ರು: ‘ಮೀ’. ನೀರಿನ ಸದ್ದು ದಪ್ಪ, ‘ಮೀ’ ಸಣ್ಣಗೆ ಸೂಜಿ ಥರ ಅದನ್ನ ತೂರಿಕೊಂಡು ಹೋಗುತ್ತೆ ಅಂತಾರೆ. ಅವರೇ ದಿನಾ ಸಂಜೆ ಬಟ್ಟೆ ಒಗೆಯೋ ಮೆಟ್ಟಿಲ ಮೇಲೆ ನಿಂತು ‘ಮೀ...’ ಅಂತ ಕೂಗಿ ನೋಡ್ತಾರೆ. ಹುಟ್ಟದೇ ಇರೋ ಮಗುಗೆ ಈಗಿಂದಾನೇ ರಿಹರ್ಸಲ್! ಅಕ್ಷರ ಕೇಳಿ ಗ್ರೀಸಣ್ಣ ಮಾತ್ರ ಡಬ್ಬಿ ಕೆಳಗಿಟ್ಟು ಎದ್ದು ಹೋದ. ಮುಂದೆ ತನ್ನ ಮಗುಗೆ ಅಂತ ಅವನ ಹೆಂಡತೀಗೂ ಆ ಅಕ್ಷರದ ಮೇಲೆ ಕಣ್ಣಿತ್ತೋ ಏನೋ.

ಹುಡುಕು ಮತ್ತೆ. ‘ಮೀ’.

ನಿನ್ನ
ಅಕ್ಕ


ಮಾರ್ಚ್ 27

ಅಕ್ಕಾ,

‘ಮೀ’!! ಎಂಥ ಅಕ್ಷರ! ಕೇಕಿನ ಮೇಲೆ ಬರೆದ್ರೆ ಕೊನೇಲಿ ಒಂದು ಬಾಲ ಸುತ್ತಿಕೊಳ್ಳುತ್ತೆ ನೋಡು, ನನ್ನ ಫೇವರಿಟ್.

ಥ್ರೆಡ್ ಈಗ ಬೆಂಕಿ. ಒಬ್ಬಳು ಕಳಿಸಿದ ಹೆಸರು ಕೆಮ್ಮಿನ ಔಷಧಿ ಥರ ಇತ್ತು. ಇನ್ನೊಬ್ಬಳದ್ದು ಎಷ್ಟು ಉದ್ದ ಅಂದ್ರೆ ಒಂದು ಕೆಜಿ ಕೇಕ್ ಸಾಲಲ್ಲ, ಎರಡು ಕೆಜಿ ಬೇಕು. ಮೂರನೇದು ನಮ್ಮ ಅಂಗಡಿ ಬೆಕ್ಕಿನ ಹೆಸರು, ಅದನ್ನ ಕಳಿಸಿದೋಳನ್ನ ಅಡ್ಮಿನ್ ಆಗಿ ನಾನೇ ಒಂದು ದಿನ ಮ್ಯೂಟ್ ಮಾಡಿದೆ. ಪೋಲ್ ಹಾಕಿದೀನಿ. ನಿನ್ನ ಅತ್ತೆಯ ರೇನ್‌ಕೋಟ್ ಕಥೆ ಹೇಳಿದ್ದಕ್ಕೆ ಅವರಿಗೂ ಆಗಲೇ ಫ್ಯಾನ್ಸ್ ಹುಟ್ಟಿದಾರೆ. ‘ಕರೆಯೋಳು, ಕರೆಸಿಕೊಳ್ಳೋಳಲ್ಲ’ ಅನ್ನೋದನ್ನ ಒಬ್ಬಳು ಸ್ಟೇಟಸ್ ಹಾಕ್ಕೊಂಡಿದಾಳೆ!

ನಿಮ್ಮ ಪದ್ಧತಿ ನಾನು ಇಲ್ಲೂ ಟ್ರೈ ಮಾಡಿದೆ. ಅಡುಗೆಮನೆಯಿಂದ ‘ಆ...’ ಅಂತ ಎಳೆದು ಅಮ್ಮನ್ನ ಕರೆದೆ. ಅಮ್ಮ ‘ಹಲ್ಲು ನೋವಾ?’ ಅಂದಳು.

ಗಿಣಿ


ಮೇ 2

ಗಿಣಿ,

ಹೆಸರು ಹುಡುಕೋದು ಸದ್ಯಕ್ಕೆ ನಿಲ್ಲಿಸು. ‘ಮೀ’ ಬೇಡ. ಬೇರೆ ಯಾವ ಅಕ್ಷರ ಆದ್ರೂ ಸರಿ. ಯಾಕೆ ಅಂತ ಈಗ ಕೇಳಬೇಡ. ಇಲ್ಲಿಂದ ಹೋಗೋ ಕಾಗದ ಎಲ್ಲ ಅತ್ತೆ ಕೈ ದಾಟಿಯೇ ವ್ಯಾನಿಗೆ ಹೋಗುತ್ತೆ, ಇದೊಂದನ್ನ ಅವಸರದಲ್ಲಿ ಗೀಚಿ ನಾನೇ ಹಾಕ್ತಿದೀನಿ.

ನನಗೆ ಆರಾಮಿದೆ. ಕಾಲು ಸ್ವಲ್ಪ ಊದಿದೆ. ಅತ್ತೆ ತುಂಬಾ ಚೆನ್ನಾಗಿ ನೋಡ್ಕೊಳ್ತಿದಾರೆ. ಹೊಟ್ಟೆ ಮೇಲೆ ಕೈಯಿಟ್ಟು ಮಾತಾಡ್ತಾರೆ. ನನ್ನ ಜೊತೆ ಅಲ್ಲ.

ಅಮ್ಮನಿಗೆ ಏನೂ ಹೇಳಬೇಡ.

ಅಕ್ಕ


ಮೇ 11

ಅಕ್ಕಾ,

ನಿನ್ನ ಪುಟಾಣಿ ಕಾಗದ ಓದಿದೆ. ಎರಡು ಸಲ. ಅರ್ಥ ಆಯ್ತು. ನಾನೇನು ಚಿಕ್ಕ ಮಗು ಅಲ್ಲ.

ಅತ್ತೆ ಸೊಸೆ ಜಗಳ, ಅಷ್ಟೇ ತಾನೇ? ಅಕ್ಷರ ಅವರು ಹೇಳಿದ್ರು ಅನ್ನೋ ಒಂದೇ ಕಾರಣಕ್ಕೆ ನಿನಗೆ ಬೇಡ. ನಿನ್ನ ಮೂಗಿನ ತುದೀಲಿರೋ ಸಿಟ್ಟು ನನಗೆ ಗೊತ್ತಿಲ್ವಾ? ಚಿಕ್ಕೋಳಿದ್ದಾಗ ಅಮ್ಮ ಆರಿಸಿದ್ಲು ಅಂತ ನೀಲಿ ಶೂ ಹಾಕದೆ ವರ್ಷ ಪೂರ್ತಿ ಚಪ್ಪಲೀಲಿ ಸ್ಕೂಲಿಗೆ ಹೋದೋಳು ನೀನು. ಗ್ರೂಪಲ್ಲಿ ಕೇಳಿದೆ (ನಿನ್ನ ಹೆಸರು ಹೇಳಲಿಲ್ಲ, ‘ಒಬ್ಬ ಫ್ರೆಂಡಿನ ಅಕ್ಕ’ ಅಂದೆ). ಎಲ್ಲರೂ ಒಂದೇ ಮಾತು: ಹೆಸರಿನ ವಿಷಯದಲ್ಲಿ ಅತ್ತೇನ ಗೆಲ್ಲಿಸು, ಬಾಕಿ ಎಲ್ಲದರಲ್ಲೂ ನೀನು ಗೆಲ್ತೀಯ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.

ಅದಕ್ಕೆ ಒಂದು ಸರ್‌ಪ್ರೈಸ್. ಪೋಲಿನಲ್ಲಿ ಗೆದ್ದ ಹೆಸರನ್ನ ನನ್ನ ಅತೀ ಚಂದದ ಅಕ್ಷರದಲ್ಲಿ, ಕೇಕ್ ಅಕ್ಷರದಲ್ಲಿ, ಚೀಟಿ ಮೇಲೆ ಬರೆದು ನೇರವಾಗಿ ನಿನ್ನ ಅತ್ತೆಗೇ ಪೋಸ್ಟ್ ಮಾಡಿದೀನಿ! ಜೊತೆಗೆ ಒಂದು ಕಾಗದ: ‘ಅಮ್ಮಾ, ಈ ಹೆಸರು ಅಕ್ಕನಿಗೂ ತುಂಬಾ ಇಷ್ಟ, ಹೇಳ್ಕೊಳ್ಳೋಕೆ ನಾಚಿಕೆ ಅವಳಿಗೆ.’ ಈಗ ನೋಡು, ಮನೆಯೆಲ್ಲ ಹೇಗೆ ತಣ್ಣಗಾಗುತ್ತೆ.

ಥ್ಯಾಂಕ್ಸ್ ಆಮೇಲೆ ಹೇಳು. ನಾನು ಕಾಯ್ತೀನಿ.

ನಿನ್ನ ಬುದ್ಧಿವಂತ
ಗಿಣಿ


ಆಗಸ್ಟ್ 30

ಗಿಣಿ,

ಹೆಣ್ಣು ಮಗು. ಚೆನ್ನಾಗಿದಾಳೆ. ಮೂಗು ನಿಂದೇ. ಅಮ್ಮನಿಗೆ ಬೇರೆ ಕಾಗದ ಹಾಕಿದೀನಿ, ಅದರಲ್ಲಿ ಇಷ್ಟೇ ಇದೆ. ಇದನ್ನ ಗ್ರೀಸಣ್ಣನ ಹೆಂಡತಿ ಆಸ್ಪತ್ರೆಗೆ ನನ್ನ ನೋಡೋಕೆ ಬಂದಾಗ ಕೊಟ್ಟು ಕಳಿಸ್ತಿದೀನಿ. ಅಮ್ಮನ ಮುಂದೆ ಓದಬೇಡ.

ನಿನ್ನ ಚೀಟಿ ಬಂದ ದಿನ ಅತ್ತೆ ಅದನ್ನ ಕಣ್ಣಿಗೆ ಹತ್ತಿರ ಹಿಡಿದು ಓದಿದ್ರು. ಆಮೇಲೆ ನಕ್ಕರು. ನಿನ್ನ ಭಾವ ಊಟದ ತಟ್ಟೆ ಮುಂದೆ ಅತ್ತುಬಿಟ್ರು ಕಣೆ. ‘ಅಮ್ಮ ನಗೋದನ್ನ ಎಷ್ಟು ವರ್ಷ ಆದ ಮೇಲೆ ನೋಡ್ತಿದೀನಿ, ಒಂದು ಅಕ್ಷರ ಕೊಟ್ರೆ ನಮ್ಮ ಗಂಟೇನು ಹೋಗುತ್ತೆ?’ ಅಂದ್ರು. ಬೇಡ ಅಂತ ನಾನು ಬಾಯಿ ಬಿಟ್ಟಾಗ ಅತ್ತೆ ಚೀಟಿ ತೋರಿಸಿದ್ರು. ‘ನಿನಗೂ ಇಷ್ಟ ಅಂತ ನಿನ್ನ ತಂಗೀನೇ ಬರೆದಿದಾಳಲ್ಲಮ್ಮ, ನಾಚಿಕೆ ಯಾಕೆ?’ ಆ ಚೀಟಿ ಈಗ ರೇನ್‌ಕೋಟಿನ ಎದೆ ಜೇಬಲ್ಲಿದೆ.

ಹೆಸರು ಚೆನ್ನಾಗೇ ಇದೆ, ಗಿಣಿ. ಆದ್ರೆ ಅದನ್ನ ಇಲ್ಲಿ ಯಾರೂ ಕರೆಯಲ್ಲ. ‘ಹೆಸರು ಎಷ್ಟು ಉದ್ದ ಇದ್ರೂ ಉಳಿಯೋದು ಮೊದಲ ಅಕ್ಷರ ಮಾತ್ರ. ಬಾಕೀದನ್ನ ನೀರು ತಿಂದುಬಿಡುತ್ತೆ’ ಅಂದ್ರು ಅತ್ತೆ.

ಯಾಕೆ ಬೇಡ ಅಂದೆ ಅಂತ ಈಗ ಹೇಳ್ತೀನಿ. ನಿನ್ನ ಭಾವನಿಗೆ ಒಬ್ಬ ತಂಗಿ ಇದ್ದಳಂತೆ. ಅವಳು ‘ಮೀ’. ಗೇಟಿನ ಕೆಳಗೆ ಅಗಲವಾದ ಕಾಂಕ್ರೀಟ್ ಹಾಸು ಇದೆ, ಗೇಟು ಮುಚ್ಚಿದಾಗ ಒಣಗಿರುತ್ತೆ, ಮಕ್ಕಳಿಗೆ ಅಂಗಳ ಇದ್ದ ಹಾಗೆ. ಅದರ ಅಂಚಿಗೆ ಯಾವಾಗಲೂ ನೀರು ನಿಂತಿರೋ ಮಡು, ಬಟ್ಟೆ ಒಗೆಯೋ ಮೆಟ್ಟಿಲು ಇಳಿಯೋದು ಅದಕ್ಕೇ. ಅವಳು ಅಲ್ಲಿ ಆಡ್ತಿದ್ದಳು. ಅತ್ತೆ ಮೆಟ್ಟಿಲಿಂದ ಕರೆದ್ರು. ನೀರೂ ಬಂತು. ಗ್ರೀಸಣ್ಣನ ಹೆಂಡತಿ ನನಗೆ ಹೇಳಿದ್ದು ಇಷ್ಟೇ. ಅಷ್ಟರಲ್ಲಿ ಗಂಡ ಬಂದ, ಬಾಯಿಗೆ ಬೀಗ ಬಿತ್ತು. ಅವತ್ತಿಂದ ಕ್ವಾರ್ಟರ್ಸಲ್ಲಿ ಯಾರೂ ಆ ಅಕ್ಷರ ಮಕ್ಕಳಿಗೆ ಇಟ್ಟಿಲ್ಲ. ಸಂಜೆ ಅತ್ತೆ ಕೂಗ್ತಿದ್ರಲ್ಲ, ರಿಹರ್ಸಲ್ ಅಂತ ನಾನು ನಕ್ಕಿದ್ದೆನಲ್ಲ, ಅದು ಅವಳನ್ನ. ಅವತ್ತಿಂದ ಒಂದು ದಿನಾನೂ ಬಿಟ್ಟಿಲ್ಲ. ಅದೇ ಮೆಟ್ಟಿಲು.

ಮಗು ಮುಖ ಮೊದಲ ಸಲ ನೋಡಿದಾಗ ಅತ್ತೆ ಏನಂದ್ರು ಗೊತ್ತಾ? ಯಾರ ಹಾಗಿದಾಳೆ ಅಂತ ಕೇಳಲಿಲ್ಲ. ‘ಎಷ್ಟು ತಡ ಮಾಡಿದೆ’ ಅಂದ್ರು.

ನನ್ನ ಭಯ ನಿನಗೆ ಗೊತ್ತಾಗ್ತಿದೆಯಾ? ಇವಳು ನಡೆಯೋಕೆ ಕಲೀತಾಳೆ. ಅಕ್ಷರ ಕೇಳಿದ್ರೆ ಓಡೋಕೂ ಕಲೀತಾಳೆ. ಅತ್ತೆ ಕರೆಯೋದು ನೀರಿನ ದಡದಿಂದ.

ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ಏನು ಬರೀಲಿ. ಮೂರು ಹಾಳೆ ಹರಿದು ಹಾಕಿದೆ.

ಚಾಟ್ ಆಗಿದ್ರೆ ಡಿಲೀಟ್ ಮಾಡ್ತಿದ್ದೆ. ‘ಈ ಮೆಸೇಜ್ ಅಳಿಸಲಾಗಿದೆ’ ಅಂತ ಬಂದಿರೋದು, ನಿನ್ನ ಅತ್ತೆ ತಲೆ ಕೆರ್ಕೊಂಡು ಸುಮ್ಮನಾಗಿರೋರು. ಆ ಚೀಟೀಲಿ ಕೊನೇ ಬಾಲ ಸುತ್ತೋಕೆ ಅಂತ ಹೊಸ ಪೆನ್ ತಗೊಂಡಿದ್ದೆ ಅಕ್ಕಾ. ಥ್ರೆಡ್ ಅಳಿಸಿದೆ. ಗ್ರೂಪಿಂದಾನೂ ಹೊರಗೆ ಬಂದೆ. ‘ಹೆಸರು ಇಟ್ರಾ? ಇಟ್ರಾ?’ ಅಂತ ಎಲ್ಲರೂ ಕೇಳ್ತಾನೇ ಇದ್ರು.

ಮಗೂನ ಎತ್ತಿಕೊಂಡು ಬಂದುಬಿಡು ಅಂತ ಹೇಳೋಕೆ ಸುಲಭ. ಅಮ್ಮನ ಮಂಡಿ ಆಪರೇಷನ್, ಈ ಒಂದೇ ರೂಮು, ಭಾವ... ನೀನು ಬರಲ್ಲ ಅಂತಲೂ ಗೊತ್ತು. ಅದಕ್ಕೆ ಬೇರೆ ಯೋಚನೆ ಮಾಡಿದೆ. ಈ ಸಲ ಯಾರ ಹತ್ರಾನೂ ಪೋಲ್ ಕೇಳಿಲ್ಲ.

ಈ ಪೊಟ್ಟಣದಲ್ಲಿ ಒಂದು ಪೀಪಿ ಇದೆ. ಹುಟ್ಟುಹಬ್ಬದ ಸಾಮಾನಿನ ಜೊತೆ ನಮ್ಮ ಅಂಗಡೀಲಿ ಮಾರೋದು. ಹಳದಿ ಪ್ಲಾಸ್ಟಿಕ್ ಅಂತ ನಗಬೇಡ, ಊದಿ ನೋಡು, ಕಿವಿ ಸೀಳುತ್ತೆ. ಅವರು ಸಕ್ಕರೆ ಕೊಟ್ಟು ಅಕ್ಷರ ಕಲಿಸಿದ್ರೆ, ನೀನು ಬಿಸ್ಕತ್ತು ಕೊಟ್ಟು ಪೀಪಿ ಕಲಿಸು. ಪೀಪಿ ಊದಿದ್ರೆ ಅಮ್ಮನ ಹತ್ರ ಬರಬೇಕು. ಯಾರು ಏನೇ ಕೂಗಲಿ, ಪೀಪಿ ಕೇಳಿದ್ರೆ ಅಮ್ಮ. ಅಷ್ಟು ಕಲಿತರೆ ‘ಮೀ’ಗೆ ಹಲ್ಲೇ ಇರಲ್ಲ.

ತಪ್ಪಾಯ್ತು ಅಕ್ಕಾ.

ಗಿಣಿ


ಜೂನ್ 14

ಗಿಣಿ,

ತಿಂಗಳುಗಟ್ಟಲೆ ಕಾಗದ ಹಾಕಿಲ್ಲ, ಗೊತ್ತು. ನೀನು ಕಳಿಸಿದ ನಾಲ್ಕೂ ಬಂದಿವೆ. ಇದನ್ನೂ ಗ್ರೀಸಣ್ಣನ ಹೆಂಡತಿ ಕೈಲೇ ಕಳಿಸ್ತಿದೀನಿ. ಕೈ ತುಂಬಾ ಮಗು ಇತ್ತು, ತಲೆ ತುಂಬಾ ಬೇರೆ ಏನೋ.

ನಿನ್ನ ಸೊಟ್ಟ ಮೂಗಿನೋಳು ಈಗ ಗೋಡೆ ಹಿಡಿದು ನಡೀತಾಳೆ. ಮಾತು ಇನ್ನೂ ಇಲ್ಲ. ಪೀಪಿ ಗೊತ್ತು! ಅತ್ತೆ ಆ ಕಡೆ ಹೋದಾಗ ಸಣ್ಣಗೆ ಊದ್ತೀನಿ. ಎಲ್ಲಿದ್ರೂ ತಿರುಗಿ, ಅಂಡು ಮೇಲೆ ಮಾಡ್ಕೊಂಡು ಅಂಬೆಗಾಲಲ್ಲಿ ಸರಸರ ಅಂತ ಬರ್ತಾಳೆ. ಬಿಸ್ಕತ್ತಿನ ಚೂರು ಬಾಯಿಗೆ ಹೋಗೋವರೆಗೆ ನನ್ನ ಕೈಯನ್ನೇ ನೋಡ್ತಾಳೆ. ಪೀಪಿ ಯಾವಾಗಲೂ ನನ್ನ ಕೊರಳಲ್ಲಿರುತ್ತೆ. ‘ಇದೇನಿದು ಆಟ?’ ಅಂತ ನಿನ್ನ ಭಾವ ಕೇಳಿದ್ರು. ‘ಗಿಣಿ ಕಳಿಸಿದ್ದು’ ಅಂದೆ. ನಕ್ಕುಬಿಟ್ರು.

ಅತ್ತೆಯ ಪಾಠಾನೂ ನಡೀತಿದೆ. ಬೆಳಿಗ್ಗೆ ಜಗಲಿ ಮೇಲೆ ‘ಮೀ...’ ಅಂತಾರೆ, ಸಕ್ಕರೆ ತಿನ್ನಿಸ್ತಾರೆ. ಅದಕ್ಕೂ ಹೋಗ್ತಾಳೆ, ಇಲ್ಲ ಅನ್ನಲ್ಲ. ‘ಬಂದೆ ಅನ್ನು ಪುಟ್ಟಿ, ಬಂದೆ ಅನ್ನು’ ಅಂತ ಗಲ್ಲ ಹಿಡಿದು ಕೇಳ್ಕೊಳ್ತಾರೆ. ಮಗು ಬರೀ ಬಾಯಿ ತೆರೆಯುತ್ತೆ, ಇನ್ನೊಂದು ಚಿಟಿಕೆ ಸಕ್ಕರೆಗೆ. ಆಗ ಅತ್ತೆ ಮುಖ ನೋಡಬೇಕು. ಪರೀಕ್ಷೆ ರಿಸಲ್ಟ್ ಕಾಯೋ ಹುಡುಗಿ ಥರ.

ಮೊನ್ನೆ ನಾನೇ ಪರೀಕ್ಷೆ ಇಟ್ಟೆ. ಅತ್ತೆ ಜಗಲಿಯಿಂದ ಕರೆದ್ರು, ನಾನು ಅಡುಗೆಮನೆಯಿಂದ ಊದಿದೆ. ಎರಡೂ ಒಟ್ಟಿಗೆ. ಮಗು ನಡುಮನೇಲಿ ಒಂದು ಗಳಿಗೆ ಕೂತುಬಿಡ್ತು. ಆ ಕಡೆ ನೋಡ್ತು, ಈ ಕಡೆ ನೋಡ್ತು. ಆಮೇಲೆ ನನ್ನ ಹತ್ರ ಬಂತು. ನನ್ನ ಹತ್ರ, ಗಿಣಿ! ಅವತ್ತು ಹೊಟ್ಟೆ ತುಂಬಾ ಊಟ ಮಾಡಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ರು. ಸಿಟ್ಟು ಮಾಡ್ತಾರೆ ಅಂದ್ಕೊಂಡೆ. ಇಲ್ಲ. ಮುಖ ಗೋಡೆ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ‘ತಾ, ಹಾಗೆ ಮಾಡಬೇಡಮ್ಮ’ ಅಂದ್ರು. ಅವರು ನನ್ನನ್ನ ಬೇಡ್ಕೊಂಡಿದ್ದು ಅದೇ ಮೊದಲು. ಸೋತೋರು ಹಾಗೇ ಮಾತಾಡ್ತಾರೆ ಅಂದ್ಕೊಂಡೆ.

ಅಕ್ಕ


ಜೂನ್ 25

ಅಕ್ಕಾ!

ಗೆದ್ದೆವು! ಅಂಗಡೀಲಿ ನಿನ್ನ ಕಾಗದ ಓದಿ ಕುಣಿದೆ. ಕ್ರೀಮು ಕೈಲಿರಲಿಲ್ಲ, ಪುಣ್ಯ.

ಬಿಡಬೇಡ. ದಿನಾ ಊದು, ಅವರು ಕರೆದಾಗಲೆಲ್ಲ ಊದು. ಅವರು ಒಂದು ಸಲ ಕರೆದ್ರೆ ನೀನು ಎರಡು ಸಲ. ಇನ್ನೂ ಎರಡು ಪೀಪಿ ಕಳಿಸಿದೀನಿ, ಒಂದು ಕೆಂಪು, ಒಂದು ಹಸಿರು. ಒಂದು ಕಳೆದ್ರೂ ಇನ್ನೊಂದು ಇರಲಿ.

‘ಹಾಗೆ ಮಾಡಬೇಡಮ್ಮ’ ಅಂದ್ರಾ? ಅನ್ನಲಿ. ನನ್ನ ಚೀಟಿ ಇನ್ನೂ ಆ ಜೇಬಲ್ಲೇ ಇದೆಯಲ್ಲ. ಒಂದು ದಿನ ಬಂದು ನಾನೇ ಕಿತ್ಕೊಳ್ತೀನಿ.

ನಿನ್ನ ನಂಬರ್ ಒನ್ ಫ್ಯಾನ್ (ಎರಡನೇ ಫ್ಯಾನಿಗೆ ಈಗ ಹಲ್ಲು ಬರ್ತಿದೆ)
ಗಿಣಿ


ಅಕ್ಟೋಬರ್ 9

ಗಿಣಿ,

ಮೊದಲು ಇದನ್ನ ಓದು: ಮಗು ಬದುಕಿದೆ. ನನ್ನ ತೊಡೆ ಮೇಲೆ ಮಲಗಿದೆ. ಇನ್ನು ಮುಂದೆ ಓದು.

ಹೋದ ವಾರ ಮೆಟ್ಟಿಲ ಹತ್ರ ಹಾಸಿಗೆ ಹೊದಿಕೆ ಒಗೀತಿದ್ದೆ. ಒದ್ದೆ ಹೊದಿಕೆ ಒಬ್ಬಳೇ ಹಿಂಡೋದು ಅಂದ್ರೆ ಹೆಬ್ಬಾವಿನ ಜೊತೆ ಕುಸ್ತಿ. ತಿರುಗಿ ನೋಡಿದ್ರೆ ಪಕ್ಕದಲ್ಲಿದ್ದೋಳು ಇಲ್ಲ. ಗೇಟಿನ ಕೆಳಗಿನ ಕಾಂಕ್ರೀಟ್ ಹಾಸಿನ ನಡುವೆ ನಡೀತಿದಾಳೆ. ಗೋಡೆ ಹಿಡಿಯದೆ, ಎರಡೂ ಕೈ ಮೇಲೆತ್ತಿಕೊಂಡು, ತಾನೇ ರಾಣಿ ಅನ್ನೋ ಹಾಗೆ. ಎಷ್ಟು ಚಂದ ಕಾಣ್ತಿದ್ದಳು ಅಂದ್ರೆ ಒಂದು ಕ್ಷಣ ನಕ್ಕುಬಿಟ್ಟೆ.

ಆಗ ಸೈರನ್ ಆಯ್ತು.

ನಿನ್ನ ಭಾವ ಮೇಲೆ ಗೇಟು ಎತ್ತೋ ಕ್ಯಾಬಿನ್‌ನಲ್ಲಿದ್ರು. ಅಲ್ಲಿಂದ ಹಾಸು ಕಾಣಲ್ಲ, ಅದಕ್ಕೇ ಸೈರನ್ ಇರೋದು. ಸೈರನ್ ಆದ ಮೇಲೆ ಗೇಟು ಏಳುತ್ತೆ, ಅಷ್ಟೇ, ಮಧ್ಯೆ ನಿಲ್ಲಲ್ಲ. ನಾನು ಓಡಿದೆ. ಪಾಚಿ. ಮೆಟ್ಟಿಲ ಮೇಲೇ ಜಾರಿ ಬಿದ್ದು ಮಂಡಿ ಒಡೀತು, ಏಳೋಕಾಗಲಿಲ್ಲ. ಪೀಪಿ ಬಾಯಿಗಿಟ್ಟು ಊದಿದೆ. ಮಗು ನನ್ನ ಕಡೆ ತಿರುಗ್ತು. ಎರಡು ಹೆಜ್ಜೆ ಇಟ್ಟಿತು ಕೂಡ.

ಅಷ್ಟರಲ್ಲಿ ಆ ದಡದಿಂದ ‘ಮೀ...’

ಅತ್ತೆ ಆ ಕಡೆ ಗೋಡೆ ಹತ್ರ ನಿಂತಿದ್ರು. ಮಗು ಅವರಿಗೇ ಹತ್ತಿರ ಇತ್ತು, ಅದೂ ನನಗೆ ಆಗ ಕಾಣಲಿಲ್ಲ. ನನಗೆ ಕಂಡಿದ್ದು ಆ ರೇನ್‌ಕೋಟು ಮಾತ್ರ. ಇನ್ನೂ ಜೋರಾಗಿ ಊದಿದೆ. ಅವರು ಇನ್ನೂ ಜೋರಾಗಿ ಕರೆದ್ರು. ಮಗು ನಿಂತುಬಿಡ್ತು. ಆ ಕಡೆ ನೋಡ್ತು, ಈ ಕಡೆ ನೋಡ್ತು. ನಡುಮನೇಲಿ ಮಾಡಿದ ಹಾಗೇನೇ. ಗೇಟಿನ ಅಡಿಯಿಂದ ನೀರು ಬಿಳೀ ನಾಲಿಗೆ ಥರ ಹೊರಗೆ ಬರ್ತಿತ್ತು.

ಗ್ರೀಸಣ್ಣ ಎಲ್ಲಿಂದ ಓಡಿ ಬಂದನೋ ಗೊತ್ತಿಲ್ಲ. ನನ್ನ ಕಿವೀಲಿ ಕಿರುಚಿದ. ‘ನಿಲ್ಲಿಸಮ್ಮಾ! ಎರಡು ಕಡೆಯಿಂದ ಕರೀಬೇಡ! ಅವತ್ತೂ ಹೀಗೇ ಆಗಿದ್ದು! ನಿಮ್ಮತ್ತೆ ಈ ಮೆಟ್ಟಿಲಿಂದ, ನಿಮ್ಮ ಮಾವ ಆ ಕಡೆಯಿಂದ. ಕೂಸು ಯಾರ ಹತ್ರಾನೂ ಹೋಗಲಿಲ್ಲ!’

ಗಿಣಿ, ಪೀಪಿ ಬಾಯಿಂದ ತೆಗೆಯೋದು ಎಷ್ಟು ಕಷ್ಟ ಅಂತ ನಿನಗೆ ಹೇಗೆ ಹೇಳ್ಲಿ. ನನ್ನ ಮಗು ನನ್ನ ಕಡೆ ನೋಡ್ತಿದೆ, ನಾನು ಕರೀಬಾರದು. ಕರೆಯದೆ ಇರೋದೇ ನನ್ನ ಕೆಲಸ. ಹಲ್ಲು ಕಚ್ಚಿ, ಬಾಯಿಗೆ ಒದ್ದೆ ಹೊದಿಕೆ ತುರುಕಿಕೊಂಡೆ. ಕೈ ಆಡಿಸಲಿಲ್ಲ, ಮಿಸುಕಲಿಲ್ಲ. ಮಗು ನನ್ನನ್ನ ಒಂದು ಸಲ ನೋಡ್ತು. ಬಿಸ್ಕತ್ತು ಇಲ್ಲ ಅಂತ ಗೊತ್ತಾದ ಹಾಗೆ ತಿರುಗಿ ಅವರ ಕಡೆ ಹೋಯ್ತು. ಅತ್ತೆ ಬಗ್ಗಿ ರೆಟ್ಟೆ ಹಿಡಿದು ಮೇಲೆ ಎಳ್ಕೊಂಡ್ರು. ಆಮೇಲೆ ಹಾಸು ಇರಲಿಲ್ಲ, ನೀರೇ ಇತ್ತು.

ಅತ್ತೆ ಕಟ್ಟೆ ಮೇಲಿನ ದಾರೀಲಿ ಸುತ್ತಿ ಬಂದು ಮಗೂನ ನನ್ನ ಮಡಿಲಿಗೆ ಹಾಕಿದ್ರು. ಕಸಿದುಕೊಳ್ತಾರೆ ಅಂತ ಹೆದರಿದ್ದು ನಾನು, ಅವರು ತಂದು ಕೊಟ್ರು. ‘ಒಬ್ಬರೇ ಕರೀಬೇಕು ಮಗಳೇ’ ಅಂದ್ರು. ಮಗಳೇ ಅಂದ್ರು. ಇಷ್ಟು ದಿನ ಅವರು ಕರೀತಿದ್ದಿದ್ದು ಇವಳನ್ನ ನೀರಿಗೆ ಎಳೆಯೋಕೆ ಅಲ್ಲ. ಒಂದು ಸಲ ಆದ್ರೂ ಕರೆದ್ರೆ ಮಗು ಬರುತ್ತೆ ಅಂತ ನೋಡೋಕೆ. ನಾವಿಬ್ಬರೂ ಸೇರಿ ಅವರ ಎದುರಿಗೆ ಅದೇ ದಿನ ಮತ್ತೆ ತಂದು ನಿಲ್ಲಿಸಿದ್ವಿ. ನಿನ್ನ ಮೂರೂ ಪೀಪಿ ನೀರಿಗೆ ಹಾಕಿದೆ. ಬೇಜಾರು ಮಾಡ್ಕೋಬೇಡ.

ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಈ ಕಾಗದ ಬರೀತಿರೋದು ಅದಕ್ಕಲ್ಲ.

ಮಗು ಬಂತಲ್ಲ, ಇನ್ನು ಸಂಜೆ ಕೂಗು ನಿಲ್ಲುತ್ತೆ ಅಂದ್ಕೊಂಡಿದ್ದೆ. ಮಾರನೇ ದಿನ ಗೇಟು ಮುಚ್ಚಿತ್ತು, ಎಲ್ಲ ಕಡೆ ನಿಶ್ಶಬ್ದ. ಜಗಲಿ ಮೇಲೆ ಮಗೂನ ತೊಡೇಲಿ ಕೂರಿಸಿಕೊಂಡಿದ್ದೆ. ಅತ್ತೆ ರೇನ್‌ಕೋಟು ಹಾಕ್ಕೊಂಡು ಮೆಟ್ಟಿಲ ಹತ್ರ ಹೋದ್ರು. ನಮಗೆ ಬೆನ್ನು ಮಾಡಿ, ನೀರಿಗೆ ಮುಖ ಮಾಡಿ ‘ಮೀ...’ ಅಂದ್ರು.

ನನ್ನ ತೊಡೆ ಮೇಲಿಂದ ಸಣ್ಣ ದನಿ ಬಂತು: ‘ಬಂದೆ.’

ಮಗುವಿನ ಮೊದಲ ಮಾತು ಅದು. ಸ್ಪಷ್ಟವಾಗಿ. ಅಮ್ಮ ಅಂತ ಅಲ್ಲ.

ಅತ್ತೆ ತಿರುಗಿ ನೋಡಲಿಲ್ಲ. ಒಂದು ಸಲಾನೂ ನೋಡಲಿಲ್ಲ, ಗಿಣಿ. ಇಷ್ಟು ವರ್ಷ ಯಾವ ಕಡೆಯಿಂದ ಉತ್ತರ ಕಾಯ್ತಿದ್ರೋ ಆ ಕಡೆಗೇ ನೋಡ್ತಾ ಒಂದು ಮೆಟ್ಟಿಲು ಕೆಳಗೆ ಇಳಿದ್ರು. ಕಾಲು ಮುಳುಗ್ತು. ‘ಎಲ್ಲಿದೀಯ ಕಂದಾ?’ ಅಂದ್ರು. ಮಗು ಮತ್ತೆ ‘ಬಂದೆ’ ಅಂತು, ಸಕ್ಕರೆ ಸಿಗುತ್ತೆ ಅಂತ ಕಾಲು ಕುಣಿಸ್ತಾ.

ನಾನು ‘ಅತ್ತೇ’ ಅಂತ ಕೂಗಿದೆ. ನಿನ್ನ ಭಾವ ‘ಅಮ್ಮಾ’ ಅಂತ ಕೂಗಿದ್ರು. ಕೇಳಿಸ್ತು ಅವರಿಗೆ, ಕೇಳಿಸದೇ ಏನು. ಆದ್ರೆ ಇಲ್ಲಿ ಕಾಲು ತಿರುಗೋದು ಅಕ್ಷರಕ್ಕೆ ಮಾತ್ರ. ಕೊನೆಗೆ ಇವರೇ ಓಡಿ ಹೋಗಿ ತೋಳು ಹಿಡಿದು ಕರ್ಕೊಂಡು ಬಂದ್ರು. ಅವತ್ತಿಂದ ದಿನಾ ಸಂಜೆ ಹೀಗೇ. ಮಗು ಬಾಯಿ ಮುಚ್ಚಿದ್ರೆ ಕಚ್ಚುತ್ತೆ. ಒಳಗೆ ಬಾಗಿಲು ಹಾಕಿ ಕೂರಿಸಿದ್ರೆ ಬಾಗಿಲ ಸಂದಿಗೆ ಮೂತಿ ಇಟ್ಟು ಇನ್ನೂ ಜೋರಾಗಿ ಅನ್ನುತ್ತೆ. ಅತ್ತೆ ಈಗ ಮೊದಲಿನ ಮೆಟ್ಟಿಲಿಂದ ಶುರು ಮಾಡಲ್ಲ, ನಿನ್ನೆ ಎಲ್ಲಿಗೆ ಬಿಟ್ಟಿದ್ರೋ ಅಲ್ಲಿಂದ. ನಿನ್ನೆ ರೇನ್‌ಕೋಟಿನ ಅಂಚು ನೀರಲ್ಲಿ ತೇಲ್ತಿತ್ತು. ನಾಳೆಯಿಂದ ನಿನ್ನ ಭಾವನಿಗೆ ಸಂಜೆ ಪಾಳಿ.

ನೀನು ಹೆಸರು ಹುಡುಕೋಳಲ್ವಾ. ಗ್ರೂಪಿಗೆ ವಾಪಸ್ ಹೋಗು, ಎಲ್ಲರನ್ನೂ ಕೇಳು, ಮುಂದಿನ ವ್ಯಾನಿಗೇ ಕಳಿಸು. ಅತ್ತೆಗೆ ಒಂದು ಹೆಸರು ಬೇಕು. ನೀರಿನ ಮೇಲೆ ದೂರ ಹೋಗೋ ಅಕ್ಷರದಿಂದ ಶುರುವಾಗಲಿ. ಅವರನ್ನ ವಾಪಸ್ ಕರೆಯೋಕೆ ನಮ್ಮ ಹತ್ರ ಏನೂ ಇಲ್ಲ.

ಅಕ್ಕ